ಹಾಲ್ ಗೋಡೆಯಲ್ಲಿ ಒರತೆ

ಚಿತ್ರದುರ್ಗದವರಿಗೆ ನೀರಿನ ವಿಷಯದಲ್ಲಿ ಗೊತ್ತಿರುವ ಕಷ್ಟ ಒಂದೇ, ನೀರು ಬರಲಿಲ್ಲ ಅನ್ನೋದು. ನಮ್ಮ ಮಾರಿಕಣಿವೆ ಡ್ಯಾಮ್ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬೀಳೋಕೆ 2022ರ ತನಕ ಕಾಯಿಸಿತು. 89 ವರ್ಷ! ಇಂಥ ಜಿಲ್ಲೆಯಲ್ಲಿ ಕೂತು "ನಮ್ಮನೇಲಿ ನೀರು ಜಾಸ್ತಿಯಾಗಿದೆ" ಅಂತ ಯಾರ ಮುಂದೆ ಹೇಳಿಕೊಳ್ಳೋದು? ಹೇಳಿದರೆ ಕೊಡ ಹಿಡಿದುಕೊಂಡು ಬರ್ತಾರೆ.

ಆದರೆ ನಮ್ಮ ಹಾಲ್ ಗೋಡೆ ಮಾರ್ಚ್ ಬಿಸಿಲಲ್ಲೂ ಒದ್ದೆಯಾಗಿತ್ತು. ಟಿವಿ ಪಕ್ಕದ ಮೂಲೆಯಲ್ಲಿ, ನೆಲದಿಂದ ಮೊಣಕಾಲೆತ್ತರಕ್ಕೆ. ಮೊದಲು ಪೇಂಟ್ ಉಬ್ಬಿತು. ಆಮೇಲೆ ಬಿಳಿ ಉಪ್ಪು ಬಿಟ್ಟಿತು. ಆಮೇಲೆ ಕೈ ತಾಗಿದರೆ ಸಾಕು, ಗಾರೆ ಪುಡಿಪುಡಿಯಾಗಿ ಉದುರತೊಡಗಿತು. ನಾನು ಸೋಫಾ ಸರಿಸಿ ಮುಚ್ಚಿದೆ. ನೆಂಟರು ಬಂದು ಅದರ ಮೇಲೆ ಕೂತರೆ ಹಿಂದೆ ಏನಿದೆ ಅಂತ ಯಾರಿಗೆ ಕಾಣುತ್ತೆ?

ಸೋಫಾ ಸರಿಸಿದ ಕೂಡಲೇ ಮನೆಯವರಿಗೆಲ್ಲ ವಿಷಯ ಗೊತ್ತಾಯಿತು. ಅವತ್ತಿನಿಂದ ಒಬ್ಬೊಬ್ಬರದೂ ಒಂದೊಂದು ಸಂಶೋಧನೆ. ನಮ್ಮನೆಯವರ ಪ್ರಕಾರ ಕಾರಣ ಪಕ್ಕದ ಮನೆಯ ಸಂಪು. ಅವರ ನುಗ್ಗೆ ಮರದ ಎಲೆ ನಮ್ಮ ಅಂಗಳಕ್ಕೆ ಉದುರಲು ಶುರುವಾದ ಮೇಲೆ, ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಅದಕ್ಕೆ ಪಕ್ಕದ ಮನೆಯೇ ಕಾರಣ. ಕರೆಂಟ್ ಹೋದರೂ ಮೊದಲು ಆ ಕಡೆಗೇ ನೋಡ್ತಾರೆ. ನಮ್ಮತ್ತೆ ಮಾತ್ರ ಒಳಗೊಳಗೇ ಖುಷಿಯಾಗಿದ್ದರು. "ಅದು ಈಶಾನ್ಯ ಮೂಲೆ ಕಣಮ್ಮ. ಈಶಾನ್ಯದಲ್ಲಿ ನೀರಿದ್ರೆ ಮನೆಗೆ ಒಳ್ಳೇದು" ಅಂದರು. ಗೋಡೆ ಒಳಗಿದ್ರೂನಾ ಅಂತ ಕೇಳೋ ಧೈರ್ಯ ನನಗಿರಲಿಲ್ಲ.

ನಮ್ಮ ಮಾವ ರಿಟೈರ್ಡ್ ಮೇಷ್ಟ್ರು. ಅವರು ಗೋಡೆ ಬಿಟ್ಟು ಸೀದಾ ಕೋಟೆಗೆ ಹೋದರು. "ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ. ಪಾಳೇಗಾರರು ಬೆಟ್ಟದ ಮೇಲಿನ ಮಳೆ ನೀರನ್ನ ಊರೊಳಗೆ ಇಳಿಸಿದರು. ಒಬ್ಬ ಪ್ಲಂಬರ್ ಇರಲಿಲ್ಲ! ನಿಮಗೆ ಬಚ್ಚಲಿಂದ ಅಡುಗೆಮನೆಗೆ ನೀರು ತರೋಕಾಗಲ್ಲ." ಇಷ್ಟಕ್ಕೇ ನಿಲ್ಲಿಸಲಿಲ್ಲ. "ಹೈದರಾಲಿ ಸೈನ್ಯಕ್ಕೆ ಇಡೀ ಕೋಟೆಯಲ್ಲಿ ಒಂದು ಕಿಂಡಿ ಸಿಕ್ಕಿತು. ನಿಮಗೆ ಮೂರು ರೂಮಿನ ಮನೆಯಲ್ಲಿ ಒಂದು ತೂತು ಸಿಗಲಿಲ್ವಾ?"

ಕಸುಬಿನವರನ್ನು ಕೇಳಿದರೆ ಅದು ಇನ್ನೊಂದು ಕಥೆ. ಪೇಂಟರ್ ಬಂದು ಪುಟ್ಟಿ ಸರಿಯಿಲ್ಲ ಅಂದ. ಟೈಲ್ಸ್‌ನವನು ಬಚ್ಚಲ ಟೈಲ್ಸ್ ಸಂದಿ ಬಿಟ್ಟಿದೆ, ಎಲ್ಲ ಕಿತ್ತು ಹಾಕಬೇಕು ಅಂದ. ವಾಟರ್‌ಪ್ರೂಫಿಂಗ್‌ನವನಂತೂ ಗೋಡೆಯನ್ನೇ ನೋಡಲಿಲ್ಲ. ನೇರ ತಾರಸಿಗೆ ಹತ್ತಿ ಅಳತೆ ತೆಗೆದ. "ಮಳೆ ಬಂದೇ ಎಷ್ಟೋ ತಿಂಗಳಾಯ್ತಲ್ಲಪ್ಪ, ತಾರಸಿಯಿಂದ ಹೇಗೆ ಇಳಿಯುತ್ತೆ?" ಅಂದೆ. "ಮುಂದೆ ಬರುತ್ತಲ್ಲ ಅಕ್ಕಾ" ಅಂದ. ನಮ್ಮೂರ ಮಳೆ ಮೇಲೆ ಅಷ್ಟು ನಂಬಿಕೆ ಇಟ್ಟ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೊನೆಗೆ ನಮ್ಮನೆಯವರು ತಾವೇ ಪತ್ತೇದಾರಿಕೆಗೆ ಇಳಿದರು. ಮೊಬೈಲ್‌ನಲ್ಲಿ ನೋಡಿದ ವಿಡಿಯೋಗಳಲ್ಲೆಲ್ಲ ಒಂದೇ ಮಾತು: ಎಲ್ಲ ನಲ್ಲಿ ಬಂದ್ ಮಾಡಿ ಮೀಟರ್ ನೋಡಿ, ತಿರುಗುತ್ತಿದ್ದರೆ ಸೋರಿಕೆ ಇದೆ. ನಮ್ಮ ಮೀಟರ್ ಸಂಪಿಗಿಂತ ಮುಂಚೆ ಕೂತಿದೆ. ನಗರಸಭೆ ನೀರು ಬಿಟ್ಟಾಗ ತಿರುಗುತ್ತೆ, ಇಲ್ಲದಿದ್ದರೆ ನಿದ್ದೆ. ಮನೆಯೊಳಗೆ ಹೊಳೆ ಹರಿದರೂ ಅದಕ್ಕೆ ಗೊತ್ತಾಗಲ್ಲ. ನಮ್ಮಂಥ ಮನೆಗಳಲ್ಲಿ ತಾರಸಿ ಟ್ಯಾಂಕೇ ಮೀಟರ್. ರಾತ್ರಿ ಮಲಗೋಕೆ ಮುಂಚೆ ಟ್ಯಾಂಕ್ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ಕೆಳಗಿಳಿಯೋ ಪೈಪಿನ ವಾಲ್ವ್ ಬಂದ್ ಮಾಡಿದರು. ಬೆಳಗ್ಗೆ ನೀರು ಗುರುತಿನಲ್ಲೇ ಇತ್ತು. ಅಂದರೆ ಟ್ಯಾಂಕ್ ಸೋರ್ತಿಲ್ಲ. ಮಾರನೇ ರಾತ್ರಿ ವಾಲ್ವ್ ತೆರೆದಿಟ್ಟು, ನಲ್ಲಿಗಳನ್ನಷ್ಟೇ ಬಂದ್ ಮಾಡಿದರು. ಎದ್ದು ನೋಡಿದರೆ ಎರಡು ಬೆರಳಷ್ಟು ನೀರು ಇಳಿದಿತ್ತು. ರಾತ್ರಿ ಯಾರೂ ನೀರು ಮುಟ್ಟಬಾರದು ಅಂತ ಎಲ್ಲರಿಗೂ ಕಟ್ಟಪ್ಪಣೆಯಾಗಿತ್ತು. ಮಾವ ಮಾತ್ರ ಒಂದು ಚೊಂಬು ಬಳಸಿದೆ ಅಂತ ಒಪ್ಪಿಕೊಂಡರು. ಒಂದು ಚೊಂಬಿಗೆ ಸಾವಿರ ಲೀಟರ್ ಟ್ಯಾಂಕ್ ಅಷ್ಟು ಇಳಿಯಲ್ಲ.

ದಾವಣಗೆರೆಯಲ್ಲಿ ನರ್ಸ್ ಆಗಿರುವ ನಮ್ಮ ನಾದಿನಿ ಫೋನಲ್ಲೇ ಲೆಕ್ಕ ಹೇಳಿದಳು. ಡ್ರಿಪ್ ಸೆಟ್‌ನಲ್ಲಿ 20 ಹನಿಗೆ ಒಂದು ಎಂಎಲ್. ಆ ಲೆಕ್ಕ ಹಿಡಿದರೂ ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 4 ಲೀಟರ್‌ಗೂ ಜಾಸ್ತಿ. ನಲ್ಲಿ ಹನಿ ಅದಕ್ಕಿಂತ ದಪ್ಪ. "ನಿಮ್ಮ ಗೋಡೆಗೆ ಚೆನ್ನಾಗೇ ಡ್ರಿಪ್ ಹಾಕಿದೀರ ಅತ್ತಿಗೆ" ಅಂತ ನಕ್ಕಳು.

ಮುಂದಿನ ಅನುಮಾನ ಫ್ಲಷ್ ಟ್ಯಾಂಕಿನ ಮೇಲೆ. ಅದರ ಪರೀಕ್ಷೆ ಸುಲಭ. ಟ್ಯಾಂಕಿಗೆ ಬಣ್ಣ ಹಾಕಿ, ಫ್ಲಷ್ ಮಾಡದೆ ಅರ್ಧ ಗಂಟೆ ಬಿಡಬೇಕು. ಕಮೋಡಿನೊಳಗೆ ಬಣ್ಣ ಕಂಡರೆ ಒಳಗಿನ ವಾಷರ್ ಹೋಗಿದೆ ಅಂತ ಅರ್ಥ. ನಮ್ಮನೆಯವರು ಕೇಸರಿಬಾತಿಗೆ ಹಾಕೋ ಬಣ್ಣ ತೆಗೆದುಕೊಂಡು ಹೋಗಿ ಹಾಕಿದರು. ಹಾಕಿ, ಯಾರಿಗೂ ಹೇಳದೆ ಹಾಲು ತರೋಕೆ ಹೋದರು.

ಅಷ್ಟರಲ್ಲಿ ಅತ್ತೆ ಹೋಗಿ ಬಂದರು. ಬಂದವರು ಸುಮ್ನೆ ಕುರ್ಚಿ ಮೇಲೆ ಕೂತರು. ಕಾಫಿ ಬೇಡ ಅಂದರು. ಅತ್ತೆ ಕಾಫಿ ಬೇಡ ಅಂದರೆ ಮನೆಯಲ್ಲಿ ಏನೋ ಆಗಿದೆ ಅಂತಲೇ ಲೆಕ್ಕ. ನೋಡಿದರೆ ರೂಮಿಗೆ ಹೋಗಿ ಮಗಳಿಗೆ ಫೋನ್ ಮಾಡಿ ಪಿಸುಗುಡುತ್ತಿದ್ದರು. "ಕೆಂಪಗೂ ಅಲ್ಲ ಕಣೇ, ಒಂಥರಾ ಕೇಸರಿ..." ಆ ಕಡೆಯಿಂದ ನಾದಿನಿ ಬೀಟ್ರೂಟ್ ತಿಂದ್ಯಾ, ಕ್ಯಾರೆಟ್ ತಿಂದ್ಯಾ, ಹೊಸ ಮಾತ್ರೆ ಏನಾದ್ರೂ ತಗೊಂಡ್ಯಾ ಅಂತ ಒಂದೊಂದೇ ಕೇಳಿ, ಬೆಳಗ್ಗೆ ಮೊದಲ ಬಸ್ಸಿಗೆ ದಾವಣಗೆರೆಗೆ ಬಾ ಅಂದಿದ್ದಾಳೆ. ಹಾಲಿನ ಪ್ಯಾಕೆಟ್ ಹಿಡಿದು ಬಂದ ಮಗ ಒಳಗೆ ಬಗ್ಗಿ ನೋಡಿ "ಬಂತು! ಬಣ್ಣ ಬಂತು!" ಅಂತ ಕುಣಿದಾಗ ಅತ್ತೆಯ ಮುಖ ನೋಡಬೇಕಿತ್ತು. ಅವತ್ತು ಸಂಜೆವರೆಗೂ ಅಮ್ಮ ಮಗನ ನಡುವೆ ಮಾತಿಲ್ಲ. ವಾಷರ್ ಬದಲಾಯಿಸಿದ್ದಾಯಿತು. ಖರ್ಚು ಆದದ್ದು ಒಂದು ಬೆಣ್ಣೆ ದೋಸೆಗಿಂತ ಸ್ವಲ್ಪ ಜಾಸ್ತಿ.

ಟ್ಯಾಂಕ್ ಇಳಿಯೋದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಗೋಡೆಯೂ ಒಣಗಲಿಲ್ಲ. ಆಗ ಪ್ಲಂಬರ್ ಬಂದ. ಬಂದವನು ಮಾವನನ್ನು ನೋಡಿ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ. ಮಾವ ಕನ್ನಡಕ ಏರಿಸಿ, "ನೀನು ಕೊನೇ ಬೆಂಚಿನವನಲ್ಲೇನೋ?" ಅಂದರು. "ಹೂಂ ಸಾರ್. ಮಗ್ಗಿ ಬರದೆ ನಿಮ್ಮ ಕೈಲಿ ಏಟು ತಿಂದಿದ್ದೀನಿ."

ಹುಡುಗ ಒಳ್ಳೆ ಕೆಲಸಗಾರ. ಬಂದವನೇ ಸುತ್ತಿಗೆ ಎತ್ತಲಿಲ್ಲ, ಮೊದಲು ಪ್ರಶ್ನೆ ಕೇಳಿದ. ಸ್ನಾನ ಆದ ಮೇಲೆ ಒದ್ದೆ ಜಾಸ್ತಿಯಾಗುತ್ತಾ? ಆದರೆ ಬಳಸಿದ ನೀರು ಹೋಗೋ ಪೈಪಿನ ತಪ್ಪು. ಯಾವಾಗಲೂ ಒಂದೇ ಸಮ ಇದ್ದರೆ ಟ್ಯಾಂಕಿನಿಂದ ಬರೋ ಪೈಪಿನದು. ನಮ್ಮದು ಒಂದೇ ಸಮ. ಅಡುಗೆಮನೆ ಲೈನ್ ಬಂದ್ ಮಾಡಿಸಿ ಒಂದು ರಾತ್ರಿ ಬಿಟ್ಟ, ಟ್ಯಾಂಕ್ ಇಳಿಯಿತು. ಬಚ್ಚಲ ಲೈನ್ ಬಂದ್ ಮಾಡಿಸಿದ, ನಿಂತುಹೋಯಿತು. "ನೀರು ಕಾಣಿಸಿಕೊಂಡ ಕಡೆಯೇ ತೂತು ಇರಬೇಕು ಅಂತೇನಿಲ್ಲ ಅಕ್ಕಾ. ಗೋಡೆ ಒಳಗೆ ಇಳಿದು, ಟೈಲ್ಸ್ ಕೆಳಗೆ ಹರಿದು, ತಗ್ಗು ಎಲ್ಲಿದೆಯೋ ಅಲ್ಲಿ ಎದ್ದು ಬರುತ್ತೆ" ಅಂದ. ಈಶಾನ್ಯ ಮೂಲೆ ಅಂದರೆ ನಮ್ಮ ಹಾಲಿನ ತಗ್ಗು. ವಾಸ್ತುಗೂ ಅವನಿಗೂ ಅಷ್ಟರಮಟ್ಟಿಗೆ ಒಪ್ಪಂದವಾಯಿತು.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿ ಗೋಡೆಗೆ, ಹಿಡಿ ಕಿವಿಗೆ ಒತ್ತಿಕೊಂಡು ನಿಂತ. "ಯಾರೂ ಸದ್ದು ಮಾಡಬೇಡಿ" ಅಂದ. ಟಿವಿ ಆಫ್ ಆಯಿತು. ಮಿಕ್ಸಿ ನಿಂತಿತು. ಫ್ಯಾನೂ ನಿಂತಿತು. ಮಾವ ತಮ್ಮ ಹಳೇ ವಿದ್ಯಾರ್ಥಿಯ ಮಾತಿಗೆ ಬಾಯಿ ಮುಚ್ಚಿ ಕೂತರು. "ಟಿಕ್ ಟಿಕ್ ಅಂತಿದೆ" ಅಂದ. ನಮ್ಮನೆಯವರು ಮೆಲ್ಲಗೆ "ಅದು ಗಡಿಯಾರ" ಅಂದರು. ಗಡಿಯಾರವನ್ನು ಹೊರಗೆ ಕಟ್ಟೆ ಮೇಲೆ ಇಟ್ಟು ಬಂದರು.

ಬಚ್ಚಲ ಹಿಂದಿನ ಗೋಡೆ ನಡುಮನೆಯ ಕಡೆಗಿದೆ. ಅಲ್ಲಿ ಸ್ಕ್ರೂಡ್ರೈವರ್ ನಿಂತುಬಿಟ್ಟಿತು. ಆ ಗೋಡೆ ಮೇಲೆ ಮಾವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ ದೊಡ್ಡ ಫೋಟೋ ಇದೆ. ಹುಡುಗ ಫೋಟೋ ಇಳಿಸಿದ. ಅದರ ಹಿಂದಿನ ರಟ್ಟು ಬೂಸಲು ಹಿಡಿದಿತ್ತು. ಮೊಳೆ ತುಕ್ಕು ಹಿಡಿದು ಕೆಂಪಾಗಿತ್ತು. ಇಕ್ಕಳ ಹಾಕಿ ಎಳೆದ. ಸಣ್ಣ ಎಳೆ ನೀರು ಚಿರ್ ಅಂತ ಅವನ ಮುಖಕ್ಕೇ ಹಾರಿತು.

ಸುತ್ತಿಗೆಯ ಏಟಿಗೆ ಮೊಳೆ ಪ್ಲಾಸ್ಟಿಕ್ ಪೈಪಿನೊಳಗೆ ಹೊಕ್ಕಿತ್ತು. ಹೊಕ್ಕ ಮೊಳೆಯೇ ಬಿರಡೆಯಂತೆ ತೂತು ಮುಚ್ಚಿಕೊಂಡಿದ್ದರಿಂದ ಆಗ ಯಾರಿಗೂ ಗೊತ್ತಾಗಲಿಲ್ಲ. ತುಕ್ಕು ಹಿಡಿದು ಸವೆಯುತ್ತಾ ಬಂದ ಹಾಗೆ ಪಕ್ಕದಿಂದ ಹನಿ ಇಳಿಯೋಕೆ ಶುರುವಾಗಿದೆ.

ಹುಡುಗ ಮುಖ ಒರೆಸಿಕೊಂಡು ವಿನಯವಾಗಿಯೇ ಕೇಳಿದ. "ಸಾರ್, ಈ ಮೊಳೆ ಯಾರು ಹೊಡೆದಿದ್ದು?"

ಇಡೀ ಮನೆ ಮಾವನ ಕಡೆ ನೋಡಿತು. ಮಾವ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಪೇಪರ್ ತಲೆಕೆಳಗಾಗಿತ್ತು.

ರಿಪೇರಿ ಬೇಗ ಮುಗಿಯಿತು. ಕೆಟ್ಟ ತುಂಡು ಕತ್ತರಿಸಿ, ಎರಡು ಕಪ್ಲಿಂಗ್ ಹಾಕಿ ಸೊಲ್ಯೂಷನ್ ಹಚ್ಚಿದ. ಅದು ಗಟ್ಟಿಯಾಗುವವರೆಗೆ ನೀರು ಬಿಡಬಾರದು, ನೀರು ಬಿಟ್ಟ ಮೇಲೂ ಹನಿ ಇಲ್ಲ ಅಂತ ಖಾತ್ರಿಯಾಗೋ ತನಕ ಗಾರೆ ಮುಚ್ಚಬಾರದು ಅಂದ. ಹಾಗಾಗಿ ನಡುಮನೆಯಲ್ಲಿ ತೂತು ಹಾಗೇ ಬಾಯಿ ತೆರೆದುಕೊಂಡಿತ್ತು, ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ಹಾಲ್ ಗೋಡೆಗೆ ಈಗಲೇ ಪೇಂಟ್ ಬೇಡ, ಪೂರ್ತಿ ಒಣಗೋಕೆ ವಾರಗಟ್ಟಲೆ ಬೇಕು, ಅವಸರ ಮಾಡಿದರೆ ಮತ್ತೆ ಉಬ್ಬುತ್ತೆ ಅಂತಲೂ ಹೇಳಿಹೋದ. ಮಾರನೇ ದಿನವೇ ಪೇಂಟರ್ ಶೇಡ್ ಕಾರ್ಡ್ ಹಿಡಿದುಕೊಂಡು ಬಂದ. ಅವನಿಗೆ ಯಾರು ಸುದ್ದಿ ಕೊಟ್ಟರೋ!

ಮೊನ್ನೆ ಪಕ್ಕದ ಮನೆಯವರು ಗೇಟ್ ಹತ್ತಿರ ನಿಂತು ಕೂಗಿದರು. ಅವರ ಅಡುಗೆಮನೆ ಗೋಡೆ ಒದ್ದೆಯಾಗಿದೆಯಂತೆ, ನಮ್ಮ ಕಡೆಯಿಂದ ಏನಾದರೂ ನೀರು ಬರ್ತಿದೆಯಾ ಅಂತ ಅನುಮಾನವಂತೆ. ನಮ್ಮನೆಯವರು ಜಗಳಕ್ಕೆ ತೋಳೇರಿಸುವಷ್ಟರಲ್ಲಿ, ಮಾವ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅವರ ಮನೆಯ ಟಿವಿ, ಮಿಕ್ಸಿ, ಫ್ಯಾನ್ ಎಲ್ಲ ಆಫ್ ಆದದ್ದು ಇಲ್ಲಿಗೇ ಗೊತ್ತಾಯಿತು. ಆಮೇಲೆ ಮೇಷ್ಟ್ರ ಗಂಟಲು ಕಾಂಪೌಂಡ್ ದಾಟಿ ಬಂತು.

"ಮೊದಲು ಅದು ಹೇಳಿ. ಮೊಳೆ ಯಾರು ಹೊಡೆದಿದ್ದು?"