ಕೋಳಿಗೆ ಜ್ವರ, ವ್ಯಾನಿಗೆ ಬರೆ

ಅಮೆರಿಕ ಮತ್ತು ಯುರೋಪ್ ಸಾಮಾನ್ಯ ಸ್ನೇಹಿತರಲ್ಲ. ನಿನ್ನ ಮೇಲೆ ಕೈ ಮಾಡಿದವನು ನನ್ನ ಮೇಲೂ ಮಾಡಿದಂತೆ ಎಂದು 1949ರಲ್ಲೇ ನ್ಯಾಟೋ ಒಪ್ಪಂದದಲ್ಲಿ ಬರೆದು ಸಹಿ ಹಾಕಿದವರು. ಒಬ್ಬರಿಗಾಗಿ ಒಬ್ಬರು ಪ್ರಾಣ ಕೊಡಲು ರೆಡಿ. ಕೋಳಿ ತಗೊಳ್ಳಲು ಮಾತ್ರ ರೆಡಿ ಇಲ್ಲ.

2025ರ ಏಪ್ರಿಲ್‌ನಲ್ಲಿ ಅಮೆರಿಕದ ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್ ಟಿವಿಯಲ್ಲಿ ಇದನ್ನೇ ಹೇಳಿ ಗೋಳಾಡಿದರು. ಯುರೋಪಿನವರು ನಮ್ಮ ಕೋಳಿ ಮುಟ್ಟಲ್ಲ, ನಮ್ಮ ದನದ ಮಾಂಸ ಚೆಂದ, ಅವರದು ಬಡಕಲು, ಅದಕ್ಕೇ ನಮ್ಮದನ್ನು ಕಂಡರೆ ಆಗಲ್ಲ ಅನ್ನುವ ಧಾಟಿ. ಕೇಳಿದವರು ಇದು ಟ್ರಂಪ್ ಕಾಲದ ಹೊಸ ರೋಗ ಅಂದುಕೊಂಡರು. ಅಲ್ಲ ಸ್ವಾಮಿ. ಈ ಕೋಳಿ ಜಗಳಕ್ಕೆ ಅರವತ್ತು ದಾಟಿದೆ.

ಮಹಾಯುದ್ಧ ಮುಗಿದ ಮೇಲೆ ಅಮೆರಿಕದವರು ಕಾರ್ಖಾನೆಯಲ್ಲಿ ಬೋಲ್ಟ್ ಮಾಡಿದ ಹಾಗೆ ಕೋಳಿ ಮಾಡುವುದನ್ನು ಕಲಿತರು. ರೇಟು ಬಿತ್ತು. ಹೆಪ್ಪುಗಟ್ಟಿದ ಕೋಳಿ ಹಡಗು ಹತ್ತಿ ಪಶ್ಚಿಮ ಜರ್ಮನಿಗೆ ಹೊರಟಿತು. ಹಬ್ಬಕ್ಕೆ ಮಾತ್ರ ಕೋಳಿ ಕಾಣುತ್ತಿದ್ದ ಮನೆಗಳಿಗೆ ಖುಷಿ, ಅಲ್ಲಿನ ಸಾಕಣೆದಾರರಿಗೆ ಹೊಟ್ಟೆಯುರಿ. 1962ರಲ್ಲಿ ಆರು ದೇಶಗಳ ಯುರೋಪಿಯನ್ ಸಮುದಾಯ ಹೊರಗಿನ ಕೋಳಿಗೆ ಭಾರಿ ಸುಂಕ ಜಡಿಯಿತು. ಅಮೆರಿಕದ ಕೋಳಿ ಬಾಗಿಲಲ್ಲೇ ನಿಂತಿತು.

ಕಾಲ ಎಂಥದ್ದು ನೋಡಿ. ಬರ್ಲಿನ್‌ನಲ್ಲಿ ಗೋಡೆ ಎದ್ದಿದೆ. ಕ್ಯೂಬಾದಲ್ಲಿ ಕ್ಷಿಪಣಿ ತಂದಿಟ್ಟಿದ್ದಾರೆ. ಲೋಕ ಇವತ್ತೋ ನಾಳೆಯೋ ಅನ್ನುವಂತಿದೆ. ಆಗ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನವರ್, ತಾನೂ ಕೆನಡಿಯೂ ಎರಡು ವರ್ಷ ಬರೆದುಕೊಂಡ ಪತ್ರಗಳಲ್ಲಿ ಅರ್ಧದಷ್ಟು ಕೋಳಿ ವಿಚಾರವೇ ಇತ್ತೇನೋ ಎಂದರಂತೆ. ಅರ್ಕಾನ್ಸಾಸ್‌ನ ಸೆನೆಟರ್ ಫುಲ್‌ಬ್ರೈಟ್ ನ್ಯಾಟೋ ಸಭೆಯಲ್ಲಿ ಅಣ್ವಸ್ತ್ರದ ಚರ್ಚೆ ನಡುವೆಯೇ ಎದ್ದು ಕೋಳಿಗಾದ ಅನ್ಯಾಯ ಹೇಳಿಕೊಂಡರು. ಅವರ ಊರಲ್ಲಿ ಕೋಳಿ ಸಾಕಣೆ ಜಾಸ್ತಿ. ಬಾಂಬ್ ಬಿದ್ದರೆ ಎಲ್ಲರ ಮೇಲೂ ಬೀಳುತ್ತದೆ, ಸುಂಕ ಬೀಳುವುದು ಅರ್ಕಾನ್ಸಾಸ್ ಮೇಲೆ ಮಾತ್ರ, ಅಲ್ವಾ?

ಕೊನೆಗೆ ಪಂಚಾಯ್ತಿ ಕೂಡಿಸಿ ನಷ್ಟ 2.6 ಕೋಟಿ ಡಾಲರ್ ಎಂದು ಲೆಕ್ಕ ಹಾಕಿಸಿದರು. ಅದನ್ನು ವಸೂಲು ಮಾಡಲು 1963ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಲ್ಕು ಸಾಮಾನುಗಳ ಮೇಲೆ ಸುಂಕ ಏರಿಸಿದರು. ಆಲೂಗಡ್ಡೆ ಹಿಟ್ಟು, ಅಂಟಿಗೆ ಬಳಸುವ ಡೆಕ್ಸ್‌ಟ್ರಿನ್, ಬ್ರಾಂಡಿ, ಮತ್ತು ಸಣ್ಣ ಟ್ರಕ್ಕು. ಸರಕಿನ ವ್ಯಾನೂ ಟ್ರಕ್ಕಿನ ಲೆಕ್ಕಕ್ಕೇ ಸೇರಿತು, ಸುಂಕ 25%. ಕೋಳಿಗೂ ಬ್ರಾಂಡಿಗೂ ಇರುವ ನಂಟು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಟ್ರಕ್ಕು ಎಲ್ಲಿಂದ ಬಂತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗೆ. ಎಮ್ಮೆಯ ಹೆಸರು ಜರ್ಮನಿಯ ಫೋಕ್ಸ್‌ವ್ಯಾಗನ್. ಅದರ ವ್ಯಾನುಗಳು ಅಮೆರಿಕದ ಬೀದಿಯಲ್ಲಿ ಜಾಸ್ತಿಯಾಗಿ ಡೆಟ್ರಾಯಿಟ್‌ನ ಕಾರು ಕಂಪನಿಯವರಿಗೆ ನಿದ್ದೆ ಬರುತ್ತಿರಲಿಲ್ಲ.

ಇನ್ನೊಂದು ತಮಾಷೆ ಇದೆ. ವ್ಯಾಪಾರದ ನಿಯಮದಂತೆ ಒಂದು ದೇಶಕ್ಕೆ ಮಾತ್ರ ಬರೆ ಹಾಕುವಂತಿಲ್ಲ, ಎಲ್ಲರಿಗೂ ಹಾಕಬೇಕು. ಹಾಗಾಗಿ ಜಪಾನಿನ ಟ್ರಕ್ಕಿಗೂ ಬರೆ ಬಿತ್ತು. ಪಾಪ, ಜಪಾನ್ ಯಾರ ಕೋಳಿಯನ್ನೂ ಬೇಡ ಅಂದಿರಲಿಲ್ಲ. ಮುಂದೆ ಹಿಟ್ಟು, ಅಂಟು, ಬ್ರಾಂಡಿ ಮೂರಕ್ಕೂ ಬಿಡುಗಡೆ ಸಿಕ್ಕಿತು. ಟ್ರಕ್ಕು ಒಂದೇ ಸಿಕ್ಕಿಹಾಕಿಕೊಂಡಿತು. ಈ ಸುಂಕವನ್ನು ಅಲ್ಲಿ ಇವತ್ತಿಗೂ ‘ಚಿಕನ್ ಟ್ಯಾಕ್ಸ್’ ಅಂತಲೇ ಕರೆಯುತ್ತಾರೆ.

ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವರು ಎಲ್ಲ ದೇಶದಲ್ಲೂ ಇದ್ದಾರೆ. ಜಪಾನಿನ ಸುಬಾರು ತನ್ನ ಪುಟ್ಟ ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ, ಇದು ಟ್ರಕ್ಕಲ್ಲ ಕಾರು ಎಂದಿತು. ಅಮೆರಿಕ ತಲೆಯಾಡಿಸಿತು. ಅಂಥದ್ದೊಂದನ್ನು ರೊನಾಲ್ಡ್ ರೇಗನ್ ಅವರೇ ತಮ್ಮ ತೋಟದಲ್ಲಿ ಇಟ್ಟುಕೊಂಡಿದ್ದರು. ಮರ್ಸಿಡಿಸ್‌ನವರು ಜರ್ಮನಿಯಲ್ಲಿ ವ್ಯಾನನ್ನು ಪೂರ್ತಿ ಜೋಡಿಸುತ್ತಿದ್ದರು. ಆಮೇಲೆ ಅದನ್ನು ಬಿಚ್ಚಿ ಹಡಗಿಗೆ ತುಂಬಿ, ಸೌತ್ ಕೆರೊಲಿನಾದಲ್ಲಿ ಮತ್ತೆ ಜೋಡಿಸುತ್ತಿದ್ದರು. ಮಾಡಿದ್ದನ್ನೇ ಎರಡು ಸಲ ಮಾಡುವುದು ಸುಂಕಕ್ಕಿಂತ ಅಗ್ಗ!

ಹಾಗಂತ ಸ್ನೇಹ ಕೆಟ್ಟಿತು ಅಂದುಕೊಳ್ಳಬೇಡಿ. 1999ರಲ್ಲಿ ಬಾಳೆಹಣ್ಣಿನ ಜಗಳಕ್ಕೆ ಯುರೋಪಿನ ಹ್ಯಾಂಡ್‌ಬ್ಯಾಗಿಗೆ 100% ಸುಂಕ ಬಿದ್ದಾಗಲೂ ಕೆಡಲಿಲ್ಲ. 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ನ್ಯಾಟೋ ಮುಖ್ಯಸ್ಥ ಮಾರ್ಕ್ ರುಟ್ಟೆ ಟ್ರಂಪ್ ಪಕ್ಕ ಕೂತು ‘ಡ್ಯಾಡಿ’ ಎಂಬ ಪದ ಬಳಸಿದರು. ಮುಂದಿನ ತಿಂಗಳು ಅದೇ ಟ್ರಂಪ್ ಸ್ಕಾಟ್ಲೆಂಡಿನ ತಮ್ಮ ಗಾಲ್ಫ್ ಮೈದಾನಕ್ಕೆ ಯುರೋಪಿಯನ್ ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಅವರನ್ನು ಕರೆಸಿಕೊಂಡು ಯುರೋಪಿನ ಹೆಚ್ಚಿನ ಸರಕಿಗೆ 15% ಸುಂಕ ಒಪ್ಪಿಸಿದರು. ಇಬ್ಬರೂ ಕೈ ಕುಲುಕಿ ನಕ್ಕರು. ಮನೆಯ ಯಜಮಾನ ಮಕ್ಕಳಿಂದಲೇ ಬಾಡಿಗೆ ವಸೂಲು ಮಾಡಿದರೆ ನಾವು ಬೇರೇನೋ ಅಂತೀವಿ. ಅಟ್ಲಾಂಟಿಕ್ ಕಡೆ ಅದಕ್ಕೆ ಒಪ್ಪಂದ ಅಂತಾರೆ.

ನನಗೆ ತುಂಬಾ ಇಷ್ಟವಾದದ್ದು ಫೋರ್ಡ್ ಕತೆ. ಯಾರ ಹೊಟ್ಟೆ ತಣ್ಣಗಿರಲಿ ಎಂದು ಈ ಸುಂಕ ಹುಟ್ಟಿತೋ, ಆ ಡೆಟ್ರಾಯಿಟ್ ಕಡೆಯ ಕಂಪನಿಯೇ ಇದು. 2009ರಿಂದ ಟರ್ಕಿಯಲ್ಲಿ ಮಾಡಿದ ಸಣ್ಣ ವ್ಯಾನನ್ನು ಅಮೆರಿಕಕ್ಕೆ ತರಿಸತೊಡಗಿತು. ಆಗ ಸರಕಿನ ವ್ಯಾನಿಗೆ 25%, ಜನ ಕೂರುವ ಗಾಡಿಗೆ ಬರೀ 2.5% ಸುಂಕವಿತ್ತು. ಹಾಗಾಗಿ ಹಿಂದೆ ಸೀಟು ಹಾಕಿಯೇ ತರಿಸಿದರು. ಬಾಲ್ಟಿಮೋರ್ ಬಂದರಿನಲ್ಲಿ ಸುಂಕದವರ ಮುಂದೆ ದಾಟಿದ್ದೇ ತಡ, ಹೊಚ್ಚಹೊಸ ಸೀಟು ಕಿತ್ತು ಪುಡಿ ಮಾಡಲು ಕಳಿಸಿದರು. ಸಮುದ್ರ ದಾಟಿ ಬಂದ ಆ ಸೀಟುಗಳ ಮೇಲೆ ಒಬ್ಬನೂ ಕೂತಿರಲಿಲ್ಲ.

ಸುಂಕದವರು ಹಿಡಿದರು. ಕೋರ್ಟು, ವಕೀಲರು, ವರ್ಷಗಟ್ಟಲೆ ವಾದ. ಸೀಟು ನಿಜವಾದ ಸೀಟೋ ವೇಷದ ಸೀಟೋ ಎಂದು ನ್ಯಾಯಾಧೀಶರು ಗಂಭೀರವಾಗಿ ಯೋಚಿಸಿದರು. 1964ರ ಜನವರಿಯಲ್ಲಿ ಜಾರಿಗೆ ಬಂದ ಕೋಳಿ ಸುಂಕಕ್ಕೆ 2024ರ ಜನವರಿಗೆ ಅರವತ್ತು ತುಂಬಿತು. ಷಷ್ಟ್ಯಬ್ದಿಗೆ ಉಡುಗೊರೆ ಬೇಡವೇ? ಆ ಮಾರ್ಚ್‌ನಲ್ಲಿ ಫೋರ್ಡ್ ತಪ್ಪು ಒಪ್ಪಿಕೊಳ್ಳದೆ, ಸುಮ್ನೆ 36.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಕೋಳಿಯಿಂದ ಆದ ಮೂಲ ನಷ್ಟದ ಹದಿನಾಲ್ಕು ಪಟ್ಟು. ಕಟ್ಟಿದ್ದು ಅಮೆರಿಕದ ಕಂಪನಿ, ಕಟ್ಟಿಸಿಕೊಂಡದ್ದು ಅಮೆರಿಕದ ಸರ್ಕಾರ. ಜರ್ಮನಿಯವರು ಕೋಳಿಯ ಒಂದು ಕಾಲನ್ನೂ ಜಾಸ್ತಿ ಕೊಳ್ಳಲಿಲ್ಲ.