ತ್ರೀಫೇಸ್ ಬಂದಾಗ ಓಡಿಸು

ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಇದ್ದಷ್ಟರಲ್ಲಿ ಯಾವ ಮಡಿಗೆ ನೀರು ಹಾಯಿಸಬೇಕು, ಯಾವುದನ್ನು ನಾಳೆಯ ಪಾಲಿಗೆ ಬಿಡಬೇಕು ಎಂಬ ಲೆಕ್ಕ ಕೋಲಾರದ ರೈತನಿಗೆ ಬಾಯಿಪಾಠ. ಈ ವಿದ್ಯೆಗೆ ಇದುವರೆಗೆ ಎಲ್ಲಿಯೂ ಮೂರು ಕಾಸಿನ ಮರ್ಯಾದೆ ಇರಲಿಲ್ಲ. 2026ರಿಂದ ಇದನ್ನೇ ಫಾರ್ಮುಲಾ ಒನ್ ಕಾರ್ ರೇಸ್ ಎಂದು ಕರೆಯುತ್ತಾರೆ.

ಸಂಗತಿ ಹೀಗಿದೆ. ಎಂಜಿನ್ನು ಹಿಂದಿನಂತೆಯೇ 1.6 ಲೀಟರಿನ, ಆರು ಸಿಲಿಂಡರಿನ ಟರ್ಬೊ. ಆದರೆ ಅದರ ಜೊತೆಗಾರ ವಿದ್ಯುತ್ ಮೋಟರಿನ ಬಲವನ್ನು 120 ಕಿಲೊವ್ಯಾಟ್‌ನಿಂದ 350ಕ್ಕೆ ಏರಿಸಿ, ಕಾರಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಇಂಧನದಿಂದಲೂ ಇನ್ನರ್ಧ ಕರೆಂಟಿನಿಂದಲೂ ಬರಬೇಕೆಂದು ವಿಧಿಸಲಾಗಿದೆ. ಮೋಟರನ್ನು ಮೂರು ಪಟ್ಟು ಹಿಗ್ಗಿಸಿದ ಮಹನೀಯರು ಬ್ಯಾಟರಿಯ ಮಿತಿಯನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದಾರೆ. ತುಂಬಿದ ಬ್ಯಾಟರಿಯಿಂದ ಒಂದು ಸಲಕ್ಕೆ ಬಳಸಲು ಸಿಗುವುದು 4 ಮೆಗಾಜೌಲ್, ಅಂದರೆ ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್ಟು, ಮೇಲಿಷ್ಟು ಚಿಲ್ಲರೆ. ಗೃಹಜ್ಯೋತಿಯ 200 ಯೂನಿಟ್ಟಿನಲ್ಲಿ ಇದನ್ನು 180 ಸಲ ತುಂಬಿಸಬಹುದು. ಮೋಟರನ್ನು ಪೂರ್ತಿ ಬಲದಲ್ಲಿ ಬಿಟ್ಟರೆ ಆ ಯೂನಿಟ್ಟು ಹನ್ನೊಂದು ಸೆಕೆಂಡಿಗೆ ಖಾಲಿಯಾಗುತ್ತದೆ. ರೇಸಿನ ಒಂದು ಸುತ್ತು ಮುಗಿಸಲು ಎಂಬತ್ತೋ ತೊಂಬತ್ತೋ ಸೆಕೆಂಡು ಬೇಕು. ಉಳಿದ ಕರೆಂಟನ್ನು ಬ್ರೇಕ್ ತುಳಿಯುವಾಗ, ತಿರುವು ಬರುವುದಕ್ಕೆ ಬಹಳ ಮುಂಚೆಯೇ ಆಕ್ಸಲರೇಟರಿನಿಂದ ಕಾಲೆತ್ತಿದಾಗ, ಓಡುತ್ತಿರುವ ಗಾಡಿಯಿಂದಲೇ ಹಿಂಡಿಕೊಳ್ಳಬೇಕು.

ಕಾಲೆತ್ತುವ ಈ ಕ್ರಮ ನನಗೆ ಚಿಕ್ಕಂದಿನಿಂದ ಪರಿಚಿತ. ನಮ್ಮ ತಂದೆಯವರು ತೇರಹಳ್ಳಿ ಬೆಟ್ಟದಿಂದ ಸ್ಕೂಟರಿನಲ್ಲಿ ಇಳಿಯುವಾಗ ಗೇರನ್ನು ನ್ಯೂಟ್ರಲ್‌ಗೆ ತಂದು, ಕೀಲಿ ತಿರುಗಿಸಿ, ಎಂಜಿನ್ ಸದ್ದಿಲ್ಲದೆ, ಕಿವಿಯಲ್ಲಿ ಗಾಳಿಯನ್ನಷ್ಟೇ ಕೇಳಿಸುತ್ತ ಕೋಲಾರದವರೆಗೂ ಜಾರಿಕೊಂಡೇ ಬರುತ್ತಿದ್ದರು. ಊರಿನವರು ಅವರನ್ನು ಜಿಪುಣ ಎಂದರು. ಅದೇ ಕೆಲಸವನ್ನು ಬೆಂಕಿ ತಡೆಯುವ ಅಂಗಿ ತೊಟ್ಟು ಮಾಡಿದರೆ ಎನರ್ಜಿ ಮ್ಯಾನೇಜ್‌ಮೆಂಟ್ ಎನ್ನುತ್ತಾರೆಂಬುದು ಪಾಪ, ಅವರಿಗೆ ಗೊತ್ತಾಗಲಿಲ್ಲ.

ಮೊನ್ನೆ ರಾತ್ರಿ ಎರಡು ಗಂಟೆಯಲ್ಲಿ, ಟೊಮೆಟೊ ತೋಟದ ಮೋಟರ್ ಶೆಡ್ಡಿನ ಮುಂದೆ ಕರೆಂಟಿಗಾಗಿ ಕಾದು ಕುಳಿತಿದ್ದ ನಮ್ಮಣ್ಣನಿಗೆ ಅವನ ಮಗ ಮೊಬೈಲು ಹಿಡಿದು ಈ ನಿಯಮಗಳನ್ನೆಲ್ಲ ವಿವರಿಸಿದ. ವೇಗ ಗಂಟೆಗೆ 290 ಕಿಲೋಮೀಟರ್ ಮುಟ್ಟಿದ ಮೇಲೆ ಮೋಟರಿನ ಬಲವನ್ನು ನಿಯಮವೇ ಹಂತಹಂತವಾಗಿ ಇಳಿಸುತ್ತದೆ ಎಂದಾಗ ಅಣ್ಣ, ‘ಸಿಂಗಲ್ ಫೇಸ್ ಆಗೋಯ್ತು ಅನ್ನು’ ಎಂದ. ಮುಂದಿನ ಕಾರಿಗೆ ಒಂದು ಸೆಕೆಂಡಿನೊಳಗೆ ಹತ್ತಿರವಿರುವವನಿಗೆ ಮಾತ್ರ ಹೆಚ್ಚುವರಿ ಕರೆಂಟು ಸಿಗುತ್ತದೆ ಎಂದಾಗ ಸ್ವಲ್ಪ ಯೋಚಿಸಿ, ‘ಅವನ ಫೀಡರ್ ಬೇರೆ ಇರಬೇಕು’ ಎಂದ. ಸಾವಿರ ಅಡಿ ಕೊರೆಸಿದ ಬೋರ್‌ವೆಲ್ಲಿನ ಪಕ್ಕದಲ್ಲಿ ಕೂತು ಕೊಟ್ಟ ಈ ವ್ಯಾಖ್ಯಾನಕ್ಕಿಂತ ಸ್ಪಷ್ಟವಾದದ್ದನ್ನು ನಾನು ಯಾವ ಕ್ರೀಡಾ ವರದಿಗಾರನಿಂದಲೂ ಕೇಳಿಲ್ಲ.

ಈ ಬಡತನಕ್ಕೆ ತಗಲುವ ವೆಚ್ಚವೂ ಸಣ್ಣದಲ್ಲ. ತಂಡಗಳು ದುಂದುಗಾರಿಕೆ ಮಾಡಬಾರದೆಂದು ಹಾಕಿರುವ ಖರ್ಚಿನ ಮಿತಿ ಈಗ ವರ್ಷಕ್ಕೆ 21.5 ಕೋಟಿ ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಸಾವಿರದೆಂಟುನೂರು ಕೋಟಿ ರೂಪಾಯಿಗೂ ಮೇಲೆ. ಈ ಮಿತವ್ಯಯದ ಮಿತಿಯೊಳಗೆ ಚಾಲಕರ ಸಂಬಳ ಸೇರುವುದಿಲ್ಲ, ಅತಿ ಹೆಚ್ಚು ಸಂಬಳದ ಮೂವರು ಅಧಿಕಾರಿಗಳ ಸಂಬಳವೂ ಸೇರುವುದಿಲ್ಲ. ಮದುವೆಯನ್ನು ಸರಳವಾಗಿ ಮಾಡಿದೆವು, ಛತ್ರ ಮತ್ತು ಊಟದ ಖರ್ಚು ಹಿಡಿಯದಿದ್ದರೆ ಏನೂ ಆಗಲಿಲ್ಲ ಎಂದು ಹೇಳುವ ಬೀಗರ ನೆನಪಾದರೆ ಅದು ನನ್ನ ತಪ್ಪಲ್ಲ.

ಎಂಜಿನ್ ತಯಾರಕರ ಪೈಕಿ ನನಗೆ ಹೋಂಡಾದ ಮೇಲೆ ವಿಶೇಷ ಮಮತೆ. ಅದರ ಸ್ಕೂಟರು ಕಾರ್ಖಾನೆ ನಮ್ಮ ನರಸಾಪುರದಲ್ಲಿದೆ. ಹೀಗಾಗಿ ಕಂಪನಿ ಜಪಾನಿನದಾದರೂ ಒಂದು ರೀತಿಯಲ್ಲಿ ತಾಲ್ಲೂಕಿನ ಮನೆಯಳಿಯ. ಅಳಿಯನ ಸ್ವಭಾವವೂ ಇದೆ: ಮುನಿಸಿಕೊಂಡು ಹೋಗುವುದು, ಕರೆಯುವವರೆಗೆ ಕಾಯುವುದು, ಮರಳುವುದು. 1968ರಲ್ಲಿ ಹೋಯಿತು, 1992ರಲ್ಲಿ ಹೋಯಿತು, 2008ರಲ್ಲಿ ಹೋಯಿತು. ಆ ಸಲ ಬಿಟ್ಟುಹೋದ ತಂಡವನ್ನು ಅದರ ಮುಖ್ಯಸ್ಥ ರಾಸ್ ಬ್ರಾನ್ ಒಂದು ಪೌಂಡಿಗೆ ಕೊಂಡು, ಮರುವರ್ಷವೇ ಚಾಲಕರ ಪಟ್ಟವನ್ನೂ ತಂಡದ ಪಟ್ಟವನ್ನೂ ಗೆದ್ದು ತೋರಿಸಿದರು. 2020ರಲ್ಲಿ ಹೋಂಡಾ ಮತ್ತೆ ನಿರ್ಗಮನ ಘೋಷಿಸಿತು. ಇಂಗಾಲದ ಹೊರೆ ಇಳಿಸುವ ಕಡೆ ಗಮನ ಕೊಡಬೇಕಾಗಿದೆ ಎಂಬುದು ಕಾರಣ. 2023ರಲ್ಲಿ ಆಸ್ಟನ್ ಮಾರ್ಟಿನ್ ತಂಡದ ಜೊತೆ 2026ಕ್ಕೆ ಮರಳುವುದಾಗಿ ತಿಳಿಸಿತು. ಇಂಗಾಲದ ಹೊರೆ ಇಳಿಸುವ ಕಡೆ ಫಾರ್ಮುಲಾ ಒನ್ ಗಮನ ಕೊಡುತ್ತಿದೆ ಎಂಬುದು ಕಾರಣ. ನಡುವಿನ ವರ್ಷಗಳಲ್ಲಿ, ಹೋಗಿದ್ದೇನೆ ಎನ್ನುತ್ತಲೇ, ರೆಡ್ ಬುಲ್ ತಂಡದ ಕಾರಿನೊಳಗೆ ಕುಳಿತು ಅದರ ಚಾಲಕ ವರ್ಸ್ಟಾಪನ್‌ಗೆ ಪಟ್ಟ ಕಟ್ಟಿಸಿತು. ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡು ನಿಂತೇ ಹಬ್ಬದೂಟ ಮುಗಿಸುವುದು ಎಲ್ಲ ಅಳಿಯಂದಿರಿಗೂ ಬರುವ ಕಲೆಯಲ್ಲ.

ಇತ್ತ ರೆನೊ ತನ್ನ ಎಂಜಿನ್ ಕೆಲಸವನ್ನೇ ನಿಲ್ಲಿಸಿ, ತನ್ನ ಆಲ್ಪೀನ್ ತಂಡಕ್ಕೆ ಮರ್ಸಿಡೀಸ್‌ನಿಂದ ಎಂಜಿನ್ ತರಿಸಿಕೊಳ್ಳುತ್ತಿದೆ. ಸ್ವಂತ ಹೋಟೆಲಿನ ಗಲ್ಲಾದ ಮೇಲೆ ಕೂತು ಎದುರು ಹೋಟೆಲಿನ ದೋಸೆ ತರಿಸಿದಂತೆ. ಆ ಎದುರು ಹೋಟೆಲಿನ ಅಡುಗೆಯ ಮೇಲೋ ಉಳಿದವರಿಗೆಲ್ಲ ಗುಮಾನಿ. ಸಿಲಿಂಡರಿನೊಳಗಿನ ಕಂಪ್ರೆಷನ್ ಅನುಪಾತ, ಅಂದರೆ ಒಳಗಿನದನ್ನು ಎಷ್ಟು ಪಟ್ಟು ಅದುಮಲಾಗುತ್ತದೆ ಎಂಬ ಲೆಕ್ಕ, 16ನ್ನು ಮೀರಬಾರದೆಂದು ಬರೆದ ನಿಯಮವೇ, ಎಂಜಿನ್ ತಣ್ಣಗಿರುವಾಗ ಅಳೆಯಬೇಕೆಂದೂ ಬರೆದಿತ್ತು. ಬಿಸಿಯಾದ ಲೋಹ ಹಿಗ್ಗುತ್ತದೆಂಬುದು ಪ್ರೌಢಶಾಲೆಯ ಪಾಠ; ಅದು ಹಿಗ್ಗಿದರೆ ಓಡುವಾಗ ಅನುಪಾತವೂ ಮಿತಿ ದಾಟಬಹುದು. ಅದನ್ನು ಮೊದಲು ನೆನಪಿಸಿಕೊಂಡವರು ಯಾರೆಂಬುದೇ ಚಳಿಗಾಲವಿಡೀ ಜಗಳವಾಯಿತು. ತೂಕದ ಹೊತ್ತಿಗೆ ಗೋಣಿ ಒದ್ದೆಯಾಗಿರುವುದನ್ನು ಮಂಡಿಯಲ್ಲಿ ದಿನವೂ ನೋಡುವ ನಮಗೆ ಇದರಲ್ಲಿ ಬೆರಗೇನೂ ಇಲ್ಲ.

ಇನ್ನು ಚಾಲಕರ ಗುತ್ತಿಗೆಯ ವಿಚಾರ. 2022ರ ಆಗಸ್ಟಿನಲ್ಲಿ ಆಲ್ಪೀನ್ ತಂಡವು ಪಿಯಾಸ್ಟ್ರಿ ಮುಂದಿನ ವರ್ಷದ ನಮ್ಮ ಚಾಲಕ ಎಂದು ಜಗತ್ತಿಗೆ ಸಾರಿತು. ಅಂದೇ ಆತ, ನಾನು ಒಪ್ಪಿಯೇ ಇಲ್ಲ, ನಾನು ಅಲ್ಲಿ ಓಡಿಸುವುದಿಲ್ಲ ಎಂದು ತಿರುಗಿ ಸಾರಿದ. ಲಗ್ನಪತ್ರಿಕೆ ಹಂಚಿಯಾದ ಮೇಲೆ ವರ ಎದ್ದು ಬಂದು, ಈ ಹೆಸರಿನವನು ನಾನೇ, ಆದರೆ ಮದುವೆ ನನ್ನದಲ್ಲ ಎಂದಂತಾಯಿತು. ಕೊನೆಗೆ ಕಾಂಟ್ರಾಕ್ಟ್ ರೆಕಗ್ನಿಷನ್ ಬೋರ್ಡ್ ಎಂಬ ಪಂಚಾಯಿತಿ ಸೇರಿ, ಆತ ಮೆಕ್ಲಾರೆನ್ ತಂಡದ ಪಾಲು ಎಂದು ತೀರ್ಪು ಕೊಟ್ಟಿತು. ರೆಡ್ ಬುಲ್‌ನ ಎರಡನೆಯ ಚಾಲಕನ ಕುರ್ಚಿಯ ಕಥೆ ಇನ್ನೂ ಸ್ವಾರಸ್ಯದ್ದು. 2024ರ ಜೂನಿನಲ್ಲಿ ಪೆರೆಸ್‌ಗೆ ಎರಡು ವರ್ಷದ ಗುತ್ತಿಗೆ, ಡಿಸೆಂಬರಿನಲ್ಲಿ ಬೀಳ್ಕೊಡುಗೆ. ಆತನ ಜಾಗಕ್ಕೆ ಬಂದ ಲಾಸನ್ ಎರಡೇ ಎರಡು ರೇಸಿಗೆ ಎದ್ದ, ತ್ಸುನೊಡ ಕುಳಿತ. 2026ಕ್ಕೆ ತ್ಸುನೊಡನೂ ಎದ್ದ, ಹಜಾರ್ ಕುಳಿತ. ಪೆರೆಸ್ ಅಷ್ಟರಲ್ಲಿ ಹೊಸ ಕ್ಯಾಡಿಲಾಕ್ ತಂಡದಲ್ಲಿ ಇನ್ನೊಂದು ಕಾಗದಕ್ಕೆ ಸಹಿ ಹಾಕಿಯಾಗಿತ್ತು.

ನಮ್ಮ ಬೀದಿಯ ಹುಡುಗನೊಬ್ಬ ಕೈಗಾರಿಕಾ ಪ್ರದೇಶದಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯ ಮೇಲಿದ್ದಾನೆ. ಹನ್ನೆರಡನೆಯ ತಿಂಗಳು ಮನೆಯಲ್ಲಿದ್ದು, ಮತ್ತೆ ಹೊಸಬನಾಗಿ ಸೇರುತ್ತಾನೆ. ವರ್ಸ್ಟಾಪನ್‌ನ ಗುತ್ತಿಗೆ 2028ರವರೆಗೂ ಇದೆಯೆಂದು ನಾನು ಪತ್ರಿಕೆಯಲ್ಲಿ ಓದಿ ಹೇಳಿದೆ. ಹುಡುಗ ಟೀ ಲೋಟ ಕೆಳಗಿಟ್ಟು ಕೇಳಿದ:

‘ಪಿಎಫ್ ಕಟ್ತಾರಾ ಸಾರ್?’