ಸತ್ಯಾಂಶ: ಪಿಲ್ಲರ್ ಅಳತೆ ಮೇಸ್ತ್ರಿ ಹೇಳಿದರೆ ಸಾಕೇ?

"ಎರಡಂತಸ್ತಿನ ಮನೆಗೆ ಇಂಜಿನಿಯರ್ ದುಡ್ಡು ದಂಡ. 9 ಇಂಚಿನ ಪಿಲ್ಲರ್, 12 ಎಂಎಂ ಕಂಬಿ ನಾಲ್ಕು, ಯಾವ ಸೈಟಿಗಾದರೂ ನಡೆಯುತ್ತೆ." ಹಾಸನದ ಕಡೆ ವಾಟ್ಸಾಪಿನಲ್ಲಿ ಓಡಾಡುವ ಮಾತು ಇದು.

ತಪ್ಪು. ನಾಲ್ಕು 12 ಎಂಎಂ ಕಂಬಿ ಎಂಬುದು ಕಾಂಕ್ರೀಟ್ ಕಟ್ಟಡಗಳಿಗಿರುವ ಭಾರತೀಯ ಮಾನಕ ಐಎಸ್ 456 ಸಂಹಿತೆ ಚೌಕ ಕಂಬಕ್ಕೆ ಹೇಳುವ ಕನಿಷ್ಠ. ಅದಕ್ಕಿಂತ ಕೆಳಗಿಳಿಯಬೇಡಿ ಎಂದರ್ಥ, ಅಷ್ಟೇ ಸಾಕು ಎಂದಲ್ಲ. ಎಷ್ಟು ಬೇಕೆನ್ನುವುದು ಕಂಬಗಳ ಅಂತರ, ಮೇಲಿನ ಭಾರ, ಕೆಳಗಿನ ಮಣ್ಣಿನ ಮೇಲೆ ನಿಂತಿದೆ. ಕಡೂರು ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ; ಸಕಲೇಶಪುರದ ಇಳಿಜಾರಿನಲ್ಲಿ ಮಣ್ಣು ತುಂಬಿ ಸಮ ಮಾಡಿದ ಸೈಟಿನ ಚಿಂತೆಯೇ ಬೇರೆ. ಎರಡಕ್ಕೂ ಒಂದೇ ಪಾಯ ಹೇಗಾದೀತು?

ಈ ಲೆಕ್ಕ ಸ್ಟ್ರಕ್ಚರಲ್ ಇಂಜಿನಿಯರದು. ಕೋಣೆ, ಗಾಳಿ, ಬೆಳಕನ್ನು ಆರ್ಕಿಟೆಕ್ಟ್ ನೋಡುತ್ತಾರೆ. ಮೇಸ್ತ್ರಿ ಡ್ರಾಯಿಂಗ್ ಪ್ರಕಾರ ಕಟ್ಟುತ್ತಾರೆ. ಮೇಸ್ತ್ರಿಯ ಅನುಭವಕ್ಕೆ ಬೆಲೆಯಿಲ್ಲವೆಂದಲ್ಲ, ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಬಿಗಿ, ಕಾಂಕ್ರೀಟ್ ಹದ ಅವರಷ್ಟು ಬಲ್ಲವರು ಕಡಿಮೆ. ಆದರೆ ಬಾಲ್ಕನಿಯನ್ನೇ ನೋಡಿ. ಕೋಣೆಯ ಸ್ಲ್ಯಾಬಿನ ನಡುಭಾಗದಲ್ಲಿ ಮುಖ್ಯ ಕಂಬಿ ಕೆಳಗಿರುತ್ತದೆ. ಹೊರಕ್ಕೆ ಚಾಚಿದ ಬಾಲ್ಕನಿಗೆ ಅದು ಮೇಲಿರಬೇಕು, ಒಳಗಿನ ಸ್ಲ್ಯಾಬಿನೊಳಕ್ಕೂ ಸಾಕಷ್ಟು ಉದ್ದ ಹೋಗಿರಬೇಕು. ಕಾಂಕ್ರೀಟ್ ಸುರಿಯುವಾಗ ಯಾರೋ ತುಳಿದು ಕಂಬಿ ಕೆಳಗಿಳಿದರೂ ಬಾಲ್ಕನಿಯ ಬಲ ಕುಗ್ಗುತ್ತದೆ. ಕಂಬಿಯನ್ನು ಎತ್ತಿ ಹಿಡಿಯಲು ಚೇರ್ ಎನ್ನುವ ಬಗ್ಗಿಸಿದ ಕಂಬಿಯ ಆಸರೆ ಇಡುವುದು ಅದಕ್ಕೇ.

ಮಂಜೂರಾದ ನಕ್ಷೆ ಇದೆಯಲ್ಲ ಎನ್ನುವವರೂ ಇದ್ದಾರೆ. ಅದು ಮುಖ್ಯವಾಗಿ ಸುತ್ತ ಬಿಡುವ ಜಾಗ, ಎತ್ತರದ ಮಾತು. ಪಾಯ ಅಗೆಯುವ ಮೊದಲೇ ಫೂಟಿಂಗ್ (ಪಿಲ್ಲರಿನ ಅಡಿಪಾಯ), ಕಾಲಮ್ (ಪಿಲ್ಲರ್), ಬೀಮ್ (ತೊಲೆ), ಸ್ಲ್ಯಾಬಿನ ಡ್ರಾಯಿಂಗ್ ಸಹಿ ಸಮೇತ ಕೈಯಲ್ಲಿರಲಿ. ನಡುವೆ ಪಿಲ್ಲರ್ ಸರಿಸಬೇಕೆನಿಸಿದರೆ ಡ್ರಾಯಿಂಗ್ ಮಾಡಿದವರಿಗೇ ಫೋನ್ ಮಾಡಿ.